ಆ್ಯಪ್ ತೆರೆದರೆ ಬರೀ ‘ಬಟನ್, ಬಟನ್’: ದೋಷ ಯಾರದು, ಕೇಳುವುದು ಯಾರನ್ನು?

ಪ್ರಶ್ನೆ: ನಾನು ಹರಿಹರದವಳು, ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣಿಸುವುದಿಲ್ಲ. ದಾವಣಗೆರೆಯ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದಾಳೆ. ಹೋದ ವರ್ಷದವರೆಗೆ ಪಾಠ ರೆಕಾರ್ಡ್ ಮಾಡಿಕೊಂಡು, ಫೋನಿನಲ್ಲಿ ಪರದೆಯನ್ನು ಓದಿಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ವಾಟ್ಸ್‌ಆ್ಯಪ್ ಎಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ಈ ವರ್ಷ ನೋಟ್ಸ್, ಅಸೈನ್‌ಮೆಂಟ್, ಕಿರುಪರೀಕ್ಷೆ ಎಲ್ಲವನ್ನೂ ಒಂದು ಆ್ಯಪ್‌ಗೆ ಹಾಕಿದ್ದಾರೆ. ತೆರೆದರೆ ಫೋನು ‘ಬಟನ್, ಬಟನ್’ ಅನ್ನುತ್ತದೆ, ಯಾವ ಬಟನ್ ಅಂತ ಹೇಳುವುದಿಲ್ಲ. ನೋಟ್ಸ್ ತೆರೆದರೆ ಏನೇನೋ ಒದರುತ್ತದೆ. 20 ಪ್ರಶ್ನೆಗೆ 15 ನಿಮಿಷದ ಪರೀಕ್ಷೆ ಇಟ್ಟಿದ್ದರು, ಆರನೇ ಪ್ರಶ್ನೆಗೇ ಸಮಯ ಮುಗಿಯಿತು. ಕೇಳಿದ್ದಕ್ಕೆ ‘ಮನೆಯವರು ಯಾರಾದರೂ ಪಕ್ಕದಲ್ಲಿ ಕೂತು ಮಾಡಿಸಿ’ ಅಂದರು. ಈಗ ಕೆಲಸ ಬಿಟ್ಟು ನಾನೇ ಕೂರುತ್ತಿದ್ದೇನೆ. ಇದು ಆ್ಯಪ್ ದೋಷವೋ, ನಮ್ಮ ಫೋನಿನದೋ? ಯಾರನ್ನು ಕೇಳಬೇಕು?

ಉತ್ತರ: ಫೋನಿನ ದೋಷವಂತೂ ಅಲ್ಲ. ಅದೇ ಫೋನಿನಲ್ಲಿ, ಅದೇ ಟಾಕ್‌ಬ್ಯಾಕ್ ಇಟ್ಟುಕೊಂಡು ನಿಮ್ಮ ತಂಗಿ ವಾಟ್ಸ್‌ಆ್ಯಪ್ ಬಳಸುತ್ತಾರೆ ಅಂದ ಮೇಲೆ ಫೋನೂ ಸರಿಯಿದೆ, ಅವರಿಗೂ ಬಳಸಲು ಬರುತ್ತದೆ. ಆದರೆ ‘ಆ್ಯಪ್ ಸರಿಯಿಲ್ಲ’ ಅಂತ ಒಂದೇ ಮಾತಿನ ದೂರು ಕೊಟ್ಟರೆ ಕೆಲಸ ಆಗುವುದಿಲ್ಲ. ನಿಮ್ಮ ಪತ್ರದಲ್ಲೇ ಮೂರು ಬೇರೆ ಬೇರೆ ತೊಂದರೆಗಳಿವೆ, ಮೂರಕ್ಕೂ ಹೊಣೆಗಾರರು ಬೇರೆ. ಹೆಸರಿಲ್ಲದ ಬಟನ್ ಆ್ಯಪ್ ಕಂಪನಿಯದು. ಒದರುವ ನೋಟ್ಸ್ ಅದನ್ನು ಟೈಪ್ ಮಾಡಿಸಿ ಹಾಕಿದ ಅಧ್ಯಾಪಕರದು. ಸಾಲದೇ ಹೋದ ಸಮಯ ಪರೀಕ್ಷೆ ಸಿದ್ಧಪಡಿಸಿದವರದು. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಕೊಟ್ಟರೆ ಅಧ್ಯಾಪಕರು ಕಂಪನಿಯ ಕಡೆ, ಕಂಪನಿಯವರು ಕಾಲೇಜಿನ ಕಡೆ ಕೈ ತೋರಿಸುತ್ತಾ ಸೆಮಿಸ್ಟರೇ ಕಳೆದುಹೋಗುತ್ತದೆ.

ಮೊದಲು ಆ ‘ಪಕ್ಕದಲ್ಲಿ ಕೂತು ಮಾಡಿಸಿ’ ಎನ್ನುವ ಸಲಹೆಯ ವಿಚಾರ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೂ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ಇದೇ. ನೀವು ಕೂತು ಒತ್ತಿಕೊಡಲು ಶುರು ಮಾಡಿದ ದಿನದಿಂದ ಕಾಲೇಜಿನ ಲೆಕ್ಕದಲ್ಲಿ ನಿಮ್ಮ ತಂಗಿಗೆ ಏನೂ ತೊಂದರೆಯಿಲ್ಲ. ಲಾಗಿನ್ ಆಗಿದೆ, ಅಸೈನ್‌ಮೆಂಟ್ ಬಂದಿದೆ, ಅಂಕ ಬಿದ್ದಿದೆ. ದೋಷ ಇದ್ದಲ್ಲೇ ಇದ್ದು, ಅದರ ಗುರುತು ಮಾತ್ರ ಅಳಿಸಿಹೋಗುತ್ತದೆ. ನಾಳೆ ಯಾರಾದರೂ ‘ಇದನ್ನು ಅಕ್ಕ ಬರೆದದ್ದು’ ಅಂದರೆ ತಂಗಿಯ ಬಳಿ ಉತ್ತರವೂ ಇರುವುದಿಲ್ಲ. ಪರೀಕ್ಷೆಗೆ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಪಡೆಯಲು ನಿಯಮವಿದೆ, ಅರ್ಜಿಯಿದೆ. ಮನೆಯಲ್ಲಿ ಅಕ್ಕ ಕೂರುವುದಕ್ಕೆ ಯಾವ ಮಾನ್ಯತೆಯೂ ಇಲ್ಲ. ತಕ್ಷಣ ಬಿಟ್ಟುಬಿಡಿ ಅನ್ನುವುದಿಲ್ಲ, ಅಂಕ ಹೋಗುತ್ತದೆ. ಆದರೆ ಕೂತ ಪ್ರತಿ ಸಲ ‘ಇಂಥ ಕಾರಣಕ್ಕೆ ನೆರವು ಬೇಕಾಯಿತು’ ಅಂತ ಅಧ್ಯಾಪಕರಿಗೆ ಒಂದು ಸಾಲಿನ ಮೆಸೇಜ್ ಹಾಕಿಬಿಡಿ.

ಈಗ ಬಟನ್ ವಿಷಯ. ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್ ಓದುವುದು ಪರದೆಯ ಚಿತ್ರವನ್ನಲ್ಲ, ಚಿತ್ರದ ಹಿಂದೆ ಬರೆದಿಟ್ಟ ಹೆಸರನ್ನು. ಗಂಟೆಯ ಚಿತ್ರ ಹಾಕಿ, ಅದರ ಹಿಂದೆ ‘ಸೂಚನೆಗಳು’ ಅಂತ ಹೆಸರು ಕೊಡದೇ ಬಿಟ್ಟರೆ ಅದು ‘ಬಟನ್’ ಅನ್ನದೆ ಇನ್ನೇನು ಅಂದೀತು? ಆಂಡ್ರಾಯ್ಡ್‌ನಲ್ಲಿ ಈ ಹೆಸರು ಕೊಡುವ ಜಾಗಕ್ಕೆ ‘ಕಂಟೆಂಟ್ ಡಿಸ್ಕ್ರಿಪ್ಷನ್’ ಅನ್ನುತ್ತಾರೆ. ಬಟನ್ ಒಂದಕ್ಕೆ ಒಂದು ಸಾಲಿನ ಕೆಲಸ. ದೊಡ್ಡ ಬಜೆಟ್ಟೂ ಬೇಡ, ಹೊಸ ತಂತ್ರಜ್ಞಾನವೂ ಬೇಡ. ‘ಮುಂದಿನ ವರ್ಷದ ಆವೃತ್ತಿಯಲ್ಲಿ ನೋಡೋಣ’ ಅಂತ ಕಂಪನಿಯವರು ಹೇಳಿದರೆ ನಂಬಬೇಡಿ.

ಅಧ್ಯಾಪಕರಿಗೆ ಬಾಯಲ್ಲಿ ವಿವರಿಸುವುದಕ್ಕಿಂತ ಅವರ ಫೋನಿನಲ್ಲೇ ತೋರಿಸಿ. ಸೆಟ್ಟಿಂಗ್ಸ್, ಅದರೊಳಗೆ ಆ್ಯಕ್ಸೆಸಿಬಿಲಿಟಿ, ಅಲ್ಲಿ ಟಾಕ್‌ಬ್ಯಾಕ್. ಹಾಕುವ ಮುಂಚೆ ಒಂದು ಮಾತು ಹೇಳಿಬಿಡಿ: ಒಂದು ಸಲ ಮುಟ್ಟಿದರೆ ಆಯ್ಕೆಯಾಗುತ್ತದೆ ಅಷ್ಟೇ, ಕೆಲಸ ಆಗಬೇಕಾದರೆ ಎರಡು ಸಲ ತಟ್ಟಬೇಕು, ಪುಟ ಸರಿಸಲು ಎರಡು ಬೆರಳು ಬೇಕು. ಇದನ್ನು ಹೇಳದಿದ್ದರೆ ಫೋನೇ ಕೆಟ್ಟಿತು ಅಂತ ಮೊಬೈಲ್ ಅಂಗಡಿಗೆ ಹೊರಡುತ್ತಾರೆ. ಆಮೇಲೆ ಪರದೆ ನೋಡದೆ ಲಾಗಿನ್‌ನಿಂದ ಶುರು ಮಾಡಿ ಅಸೈನ್‌ಮೆಂಟ್ ಸಲ್ಲಿಸುವವರೆಗೆ ಹೋಗಲು ಹೇಳಿ. ಎಲ್ಲಿ ಸಿಕ್ಕಿಹಾಕಿಕೊಂಡರು ಅನ್ನುವುದೇ ನಿಮ್ಮ ದೂರಿನ ಪಟ್ಟಿ.

ಕಂಪನಿ ಸರಿಪಡಿಸುವವರೆಗೆ ಎರಡು ದಾರಿ. ಆ್ಯಪ್‌ನಲ್ಲಿರುವುದು ವೆಬ್‌ಸೈಟಿನಲ್ಲೂ ಇದ್ದರೆ ಕ್ರೋಮ್‌ನಲ್ಲಿ ತೆರೆದು ನೋಡಿ. ಆ್ಯಪ್‌ನಲ್ಲಿ ಮೂಕವಾಗಿರುವ ಬಟನ್‌ಗೆ ಎಷ್ಟೋ ಸಲ ವೆಬ್‌ಸೈಟಿನಲ್ಲಿ ಹೆಸರಿರುತ್ತದೆ. ಇನ್ನೊಂದು, ಟಾಕ್‌ಬ್ಯಾಕ್ ಮೆನುವಿನಲ್ಲಿ ನಾವೇ ಬಟನ್‌ಗೆ ಲೇಬಲ್ ಕೊಡಬಹುದು. ಕಣ್ಣು ಕಾಣುವ ನೀವು ಒಂದು ಸಲ ಕೂತು ‘ನೋಟ್ಸ್’, ‘ಸಲ್ಲಿಸು’ ಅಂತ ಹೆಸರು ಕೊಟ್ಟುಬಿಟ್ಟರೆ ಆಮೇಲೆ ಫೋನು ಅದನ್ನೇ ಓದುತ್ತದೆ. ಎಲ್ಲ ಬಟನ್‌ಗೂ ಇದು ಆಗುವುದಿಲ್ಲ. ಆ್ಯಪ್ ಬರೆದವರು ಒಳಗೆ ಬಟನ್‌ಗೊಂದು ಗುರುತಿನ ಐಡಿ ಕೊಟ್ಟಿದ್ದರೆ ಮಾತ್ರ ಆಗುತ್ತದೆ.

ನೋಟ್ಸ್ ಸಂಗತಿ ಇದಕ್ಕಿಂತ ದೊಡ್ಡದು, ಮತ್ತು ನಮ್ಮ ಕಡೆಯದೇ ಆದದ್ದು. ‘ಏನೇನೋ ಒದರುತ್ತದೆ’ ಅಂದಿರಲ್ಲ, ಅದರಲ್ಲಿ ಆ್ಯಪ್‌ನ ತಪ್ಪು ಏನೂ ಇರಲಿಕ್ಕಿಲ್ಲ. ಆ ನೋಟ್ಸನ್ನು ಕಾಲೇಜಿನ ಹತ್ತಿರದ ಡಿಟಿಪಿ ಅಂಗಡಿಯಲ್ಲೋ, ಅಧ್ಯಾಪಕರ ಹಳೆಯ ಕಂಪ್ಯೂಟರಿನಲ್ಲೋ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ‘ನುಡಿ 01 ಇ’, ‘ನುಡಿ 05 ಇ’ ಎಂಬ ಹೆಸರಿನವು ಆ ಜಾತಿಯವು. ಕಂಪ್ಯೂಟರಿಗೆ ಕನ್ನಡವೇ ಗೊತ್ತಿಲ್ಲದ ಕಾಲದಲ್ಲಿ ಮಾಡಿದ ಉಪಾಯ ಅದು: ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸುವುದು. ಕಣ್ಣಿಗೆ ‘ಕನ್ನಡ’ ಎಂದು ಕಂಡರೂ ಕಡತದ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಒಂದು ಎಸ್, ಜೊತೆಗೊಂದು ಕ್ಯೂ. ಫೋನು ಒಳಗಿದ್ದುದನ್ನು ನಿಯತ್ತಾಗಿ ಓದುತ್ತದೆ. ಕದಂಬರ ಮೇಲಿನ ಪಾಠ ಕೇಳಲು ಕೂತವರ ಕಿವಿಗೆ ಪುಟವಿಡೀ ಪೌಂಡು ಬೀಳುತ್ತದೆ.

ಪರೀಕ್ಷಿಸುವುದು ಸುಲಭ. ಪಿಡಿಎಫ್‌ನಲ್ಲಿ ಒಂದು ಸಾಲನ್ನು ಒತ್ತಿ ಹಿಡಿದು ಕಾಪಿ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಅಂದರೆ ಕನ್ನಡವನ್ನು ಕನ್ನಡವಾಗಿಯೇ ಇಟ್ಟುಕೊಳ್ಳುವ ವ್ಯವಸ್ಥೆ, ಫೋನು ಓದುತ್ತದೆ. ಚಿತ್ರವಿಚಿತ್ರ ಇಂಗ್ಲಿಷ್ ಬಂದರೆ ಹಳೆಯ ಫಾಂಟು. ಸಾಲು ಆಯ್ಕೆಯೇ ಆಗದಿದ್ದರೆ ಅದು ಪುಸ್ತಕದ ಫೋಟೋ, ಅಂದರೆ ಸ್ಕ್ಯಾನ್. ಅದರಲ್ಲಿ ಅಕ್ಷರ ಎನ್ನುವುದೇ ಇರುವುದಿಲ್ಲ.

ಹಳೆಯ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಅಧ್ಯಾಪಕರ ಬಳಿ ಮೂಲ ವರ್ಡ್ ಕಡತ ಇದ್ದರೆ ಪರಿವರ್ತನೆ ನಿಮಿಷಗಳ ಕೆಲಸ. ಅರ್ಕಾವೊತ್ತು, ಒತ್ತಕ್ಷರಗಳು ಅಲ್ಲಲ್ಲಿ ಎಡವುತ್ತವೆ, ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ‘ಯೂನಿಕೋಡ್ ಟೈಪಿಂಗ್ ಈ ವಯಸ್ಸಿಗೆ ಯಾರು ಕಲಿಯುತ್ತಾರೆ’ ಎನ್ನುವ ಗೊಣಗಾಟ ಕೇಳಿಬರುತ್ತದೆ. ಕಲಿಯುವಂಥದ್ದು ಏನಿಲ್ಲ. ಕೆ.ಪಿ. ರಾವ್ ರೂಪಿಸಿದ, ಬೆರಳಿಗೆ ಅಭ್ಯಾಸವಾಗಿರುವ ಅದೇ ಕೀಲಿಮಣೆ ವಿನ್ಯಾಸದಲ್ಲಿ ಯೂನಿಕೋಡ್ ಬರುತ್ತದೆ, ಈಚಿನ ನುಡಿ ತಂತ್ರಾಂಶವೇ ಅದನ್ನು ಕೊಡುತ್ತದೆ. ಫಾಂಟ್ ಬೇಕೆಂದರೆ ನಿರ್ಮಲಾ ವಿಂಡೋಸ್ ಜೊತೆಯಲ್ಲೇ ಇದೆ.

ಸ್ಕ್ಯಾನ್ ಪುಟಗಳಿಗೆ ಗೂಗಲ್ ಡ್ರೈವ್ ಸಾಕು. ಅದಕ್ಕೆ ಹಾಕಿ ‘ಡಾಕ್ಸ್‌ನಲ್ಲಿ ತೆರೆ’ ಅಂದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಆದರೆ ಝೆರಾಕ್ಸಿನ ಝೆರಾಕ್ಸನ್ನು ವಾರೆಯಾಗಿ ಫೋಟೋ ಹೊಡೆದಿದ್ದರೆ ಯಾವ ಯಂತ್ರವೂ ಉದ್ಧಾರ ಮಾಡಲಾರದು.

ಇನ್ನೊಂದು, ಇದು ಬಹಳ ಜನರಿಗೆ ತಿಳಿದಿಲ್ಲ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿದರೂ ಕನ್ನಡದ ಒತ್ತು, ಗುಣಿತಗಳು ಒಳಗೆ ಹಿಂದೆಮುಂದಾಗಿ, ಓದುವಾಗ ಮುಗ್ಗರಿಸುವುದುಂಟು. ಹಾಗಾಗಿ ಪಿಡಿಎಫ್‌ನ ಹಠ ಬಿಡಿಸಿ, ವರ್ಡ್ ಕಡತವನ್ನೇ ಕೊಡಿ ಅಂತ ಕೇಳಿ. ಅದರಲ್ಲಿ ಅಧ್ಯಾಯ, ಉಪಶೀರ್ಷಿಕೆಗಳಿಗೆ ಬರೀ ದಪ್ಪ ಅಕ್ಷರ ಮಾಡದೆ ‘ಹೆಡಿಂಗ್’ ಶೈಲಿ ಹಾಕಿದರೆ ನಿಮ್ಮ ತಂಗಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಹುದು. ಇಲ್ಲದಿದ್ದರೆ ಕೊನೆಯ ಪುಟದ ಒಂದು ಸಾಲಿಗಾಗಿ ಮೊದಲಿನಿಂದ ಕೇಳುತ್ತಾ ಹೋಗಬೇಕು.

ಪಠ್ಯಪುಸ್ತಕವನ್ನು ಹೀಗೆ ಬದಲಿಸಿದರೆ ಕಾಪಿರೈಟ್ ತಕರಾರು ಬರುವುದಿಲ್ಲವೇ ಎಂದು ಗ್ರಂಥಪಾಲಕರು ಹಿಂಜರಿಯುತ್ತಾರೆ. ಬರುವುದಿಲ್ಲ. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿಕಲಚೇತನರ ಓದಿಗಾಗಿ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ, ಪ್ರಕಾಶಕರ ಅನುಮತಿ ಬೇಕಿಲ್ಲ. ಲಾಭಕ್ಕೆ ಮಾರುವಂತಿಲ್ಲ, ಅಷ್ಟೇ. ಇದೇ ಉದ್ದೇಶದ ಮರ‍್ರಕೇಶ್ ಒಪ್ಪಂದ 2013ರಲ್ಲಿ ಆದಾಗ, 2014ರಲ್ಲಿ ಅದನ್ನು ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತವೇ. ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ. ತಂಗಿಯನ್ನು ಅದಕ್ಕೆ ಸದಸ್ಯರನ್ನಾಗಿ ಮಾಡಿಸಿ.

ಇನ್ನು ಪರೀಕ್ಷೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಒಂದು ಗಂಟೆಗಿಂತ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕೊಡಬೇಕು, ಐದು ನಿಮಿಷಕ್ಕಿಂತ ಕಡಿಮೆ ಆಗಬಾರದು. ಆ ಲೆಕ್ಕಕ್ಕೆ ನಿಮ್ಮ ತಂಗಿಯ 15 ನಿಮಿಷ 20 ಆಗಬೇಕಿತ್ತು. ‘ಆ್ಯಪ್‌ನಲ್ಲಿ ಒಬ್ಬರಿಗೆ ಮಾತ್ರ ಸಮಯ ಬದಲಿಸಲು ಬರುವುದಿಲ್ಲ’ ಎಂದರೆ, ಉಚಿತವಾಗಿ ಸಿಗುವ ಮೂಡಲ್ ಎಂಬ ಕಲಿಕಾ ತಂತ್ರಾಂಶದಲ್ಲಿ ಒಬ್ಬ ವಿದ್ಯಾರ್ಥಿಗೆ ಮಾತ್ರ ಸಮಯ ಹೆಚ್ಚಿಸುವ ಸೌಲಭ್ಯ ಇದೆ ಎಂದು ತಿಳಿಸಿ. ದುಡ್ಡು ಕೊಟ್ಟು ಕೊಂಡ ಆ್ಯಪ್‌ನಲ್ಲಿ ಯಾಕಿಲ್ಲ ಎಂದು ಕಾಲೇಜೇ ಕಂಪನಿಯನ್ನು ಕೇಳಬೇಕು. ಆದರೆ ನಿಜ ಹೇಳಬೇಕೆಂದರೆ, ಬಟನ್‌ಗೆ ಹೆಸರೇ ಇಲ್ಲದ ಪರೀಕ್ಷೆಯಲ್ಲಿ ಇನ್ನೈದು ನಿಮಿಷದಿಂದ ಏನೂ ಆಗದು. ಆ್ಯಪ್ ಸರಿಯಾಗುವವರೆಗೆ ಅದೇ ಪ್ರಶ್ನೆಗಳನ್ನು ವರ್ಡ್ ಕಡತದಲ್ಲೋ, ಅಧ್ಯಾಪಕರ ಎದುರು ಬಾಯಿಪರೀಕ್ಷೆಯಾಗಿಯೋ ಕೊಡಲು ಕೇಳಿ. ಅರ್ಧಕ್ಕೆ ನಿಂತ ಆ ಪರೀಕ್ಷೆಗೆ ಮರುಅವಕಾಶ ಬೇಕು ಅಂತ ಈಗಲೇ ಬರಹದಲ್ಲಿ ಕೊಡಿ. ಆಂತರಿಕ ಅಂಕ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ತಿದ್ದಿಸುವುದು ದೊಡ್ಡ ರಗಳೆ.

‘ಹೊಂದಿಸಿ ಬರೆಯಿರಿ’ ಕೂಡ ಗಮನಿಸಿ. ಕಾಗದದ ಮೇಲೆ ಸರಳವಾಗಿದ್ದ ಈ ಪ್ರಶ್ನೆಯನ್ನು ಆ್ಯಪ್‌ಗಳು ಎಡಗಡೆಯದನ್ನು ಬೆರಳಲ್ಲಿ ಹಿಡಿದು ಬಲಗಡೆಗೆ ಎಳೆಯುವ ಆಟ ಮಾಡಿಟ್ಟಿವೆ. ಕಣ್ಣು ಕಾಣದವರಿಗೆ ಅದು ಆಗುವುದಿಲ್ಲ, ಕೈ ನಡುಗುವವರಿಗೂ ಆಗುವುದಿಲ್ಲ. ಎಳೆಯುವ ಕೆಲಸಕ್ಕೆ ಬದಲಿ ವಿಧಾನ ಇರಲೇಬೇಕು ಎಂದು ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ 2.2ನೇ ಆವೃತ್ತಿ 2023ರಲ್ಲಿ ಸೇರಿಸಿತು. ಆಯ್ಕೆಪಟ್ಟಿ ಕೊಟ್ಟರೆ ಮುಗಿಯಿತು. ಕ್ಯಾಮೆರಾ ಕಾವಲಿನ ಪರೀಕ್ಷೆ ಇನ್ನೂ ವಿಚಿತ್ರ. ‘ಅಭ್ಯರ್ಥಿ ಪರದೆಯ ಕಡೆ ನೋಡುತ್ತಿಲ್ಲ’ ಅಂತ ಎಚ್ಚರಿಸುತ್ತದೆ, ಇಯರ್‌ಫೋನ್ ಹಾಕಿದರೆ ನಕಲು ಅನ್ನುತ್ತದೆ. ಇಯರ್‌ಫೋನ್ ಇಲ್ಲದೆ ಪ್ರಶ್ನೆ ಕೇಳುವುದು ಹೇಗೆ? ಅಂಥ ಪರೀಕ್ಷೆ ಬರುವುದಿದ್ದರೆ ಮೊದಲೇ ಲಿಖಿತ ವಿನಾಯಿತಿ ಪಡೆದಿರಿ.

ನೀವು ಕೇಳದಿದ್ದರೂ ಸೇರಿಸುತ್ತೇನೆ, ದೂರು ಕೊಡುವಾಗ ಜೊತೆಗೆ ನಾಲ್ಕು ಜನ ಇದ್ದರೆ ಬಲ. ದೃಷ್ಟಿ ಮಂದ ಇರುವವರು ಅಕ್ಷರ ದೊಡ್ಡದು ಮಾಡಿದಾಗ, ಸಾಲಿನ ಎತ್ತರ ಇಂಗ್ಲಿಷಿಗೆ ಅಳೆದದ್ದಾದ್ದರಿಂದ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ‘ಕತ್ತೆ’ ಇದ್ದದ್ದು ‘ಕತೆ’ ಆಗುತ್ತದೆ. ಬಿಳಿಯ ಮೇಲೆ ತಿಳಿಬೂದು ಅಕ್ಷರದ ಫ್ಯಾಷನ್ನೂ ಅವರಿಗೆ ಮುಳುವು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ವ್ಯತ್ಯಾಸ ಇರಬೇಕೆಂಬುದು ಮಾನದಂಡ. ಕಿವುಡ ವಿದ್ಯಾರ್ಥಿಗಳಿಗೆ ವಿಡಿಯೋ ಪಾಠದ ಕೆಳಗೆ ಮಾತಿನ ಅಡಿಬರಹ ಬೇಕು, ಯಂತ್ರ ತಾನೇ ಬರೆದದ್ದನ್ನು ಒಬ್ಬರು ಓದಿ ತಿದ್ದಿರಬೇಕು. ಸನ್ನೆಭಾಷೆಯಲ್ಲೇ ಬೆಳೆದವರಿಗೆ ಬರೀ ಕನ್ನಡ ಅಡಿಬರಹವೂ ಸಾಲದು. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯವು. ಚಳ್ಳಕೆರೆಯಲ್ಲೋ ಜಗಳೂರಿನಲ್ಲೋ ಇನ್ಯಾರಿಗಾದರೂ ಇದೇ ಗೋಳು ಇದ್ದರೆ ಒಟ್ಟಾಗಿ ಆ ವಿಶ್ವವಿದ್ಯಾಲಯವಿರುವ ಶಿವಗಂಗೋತ್ರಿಗೆ ಬರೆಯಬಹುದು.

ಯಾರನ್ನು ಕೇಳಬೇಕು ಎಂಬುದಕ್ಕೆ ಬರೋಣ. ಮೊದಲ ಪತ್ರ ಪ್ರಾಂಶುಪಾಲರಿಗೆ, ಸ್ವೀಕೃತಿ ಸಮೇತ. ‘ತುಂಬಾ ಕಷ್ಟವಾಗುತ್ತಿದೆ’ ಎಂಬ ಗೋಳಿಗಿಂತ ವಿವರ ಕೆಲಸ ಮಾಡುತ್ತದೆ. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್ ಆವೃತ್ತಿ ಮೇಲೆ ಬರೆಯಿರಿ. ಕೆಳಗೆ ಹೀಗೆ: ‘ಪುಟ, ಕಿರುಪರೀಕ್ಷೆ. ಮಾಡಿದ್ದು, ಉತ್ತರ ಆರಿಸಿ ಬಲಕ್ಕೆ ಸರಿಸಿದೆ. ಕೇಳಿಸಿದ್ದು, ಬಟನ್. ಕೇಳಿಸಬೇಕಿದ್ದದ್ದು, ಮುಂದಿನ ಪ್ರಶ್ನೆ, ಬಟನ್.’ ಹೀಗೆ ಕೊಟ್ಟ ದೂರನ್ನು ಕಾಲೇಜು ಹಾಗೇ ಕಂಪನಿಗೆ ಕಳಿಸಬಹುದು, ಕಂಪನಿಯ ಹುಡುಗರಿಗೂ ಏನು ಮಾಡಬೇಕು ಅಂತ ತಿಳಿಯುತ್ತದೆ. ಸ್ಕ್ರೀನ್ ರೆಕಾರ್ಡಿಂಗ್ ಇದ್ದರೆ ಇನ್ನೂ ಒಳ್ಳೆಯದು.

ಪತ್ರದಲ್ಲಿ ಕಾನೂನಿನ ಎರಡು ಸಾಲು ಇರಲಿ. 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ 42ನೇ ಸೆಕ್ಷನ್ ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟಕುವಂತಿರಬೇಕು ಎನ್ನುತ್ತದೆ. 46ನೆಯದು ಸೇವೆ ಕೊಡುವವರು ಸರ್ಕಾರಿಯಾಗಲಿ ಖಾಸಗಿಯಾಗಲಿ ನಿಯಮ ಪಾಲಿಸಬೇಕು ಎನ್ನುತ್ತದೆ. ಸಾಫ್ಟ್‌ವೇರ್ ಹೇಗಿರಬೇಕು ಎಂಬುದಕ್ಕೆ ಐಎಸ್ 17802 ಎಂಬ ಭಾರತೀಯ ಮಾನದಂಡವೇ ಇದೆ. ಯುಜಿಸಿ ಕೂಡ 2022ರಲ್ಲಿ ಕಾಲೇಜುಗಳಿಗೆ ಮಾರ್ಗಸೂಚಿ ಹೊರಡಿಸಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಟಕುವುದು ಬದುಕುವ ಹಕ್ಕಿನ ಭಾಗವೇ ಎಂದು ಹೇಳಿದೆ. ಇಷ್ಟಾದರೂ ಕಾಲೇಜು ಅಲುಗಾಡದಿದ್ದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಪ್ರತಿ ಕೊಡಿ, ಆಮೇಲೆ ಬೆಂಗಳೂರಿನ ರಾಜ್ಯ ಆಯುಕ್ತರಿಗೆ. ಆಯುಕ್ತರಿಗೆ ವಿಚಾರಣೆ ಮಾಡಲು ಸಿವಿಲ್ ನ್ಯಾಯಾಲಯದ ಅಧಿಕಾರಗಳಿವೆ. ಅಲ್ಲಿಯವರೆಗೆ ಹೋಗುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ, ವಿವರವಾದ ಮೊದಲ ಪತ್ರಕ್ಕೇ ಯಾರಾದರೂ ಫೋನ್ ಮಾಡುತ್ತಾರೆ.

ದೂರು ಕೊಟ್ಟ ಮೇಲೆ ಒಂದು ಆಮಿಷ ಬರಬಹುದು. ವೆಬ್‌ಸೈಟಿನ ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರದ ಒಂದು ಗುಂಡಿ ಕೂರಿಸಿ ‘ಈಗ ಎಲ್ಲ ಸರಿಯಾಯಿತು’ ಅನ್ನುತ್ತಾರೆ. ಅಕ್ಷರ ದೊಡ್ಡದು ಮಾಡುವುದು, ಬಣ್ಣ ಬದಲಿಸುವುದು ಅದರಿಂದ ಆಗುತ್ತದೆ. ಹೆಸರಿಲ್ಲದ ಬಟನ್, ಹಳೆಯ ನುಡಿಯ ನೋಟ್ಸ್ ಹಾಗೇ ಇರುತ್ತವೆ. ಇಂಥ ಗುಂಡಿ ಮಾರುವ ಕಂಪನಿಯೊಂದಕ್ಕೆ ಸುಳ್ಳು ಭರವಸೆಯ ಕಾರಣಕ್ಕೆ ಅಮೆರಿಕದ ವ್ಯಾಪಾರ ಆಯೋಗ 2025ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿದೆ. ಕಾಲೇಜು ಅಂಥ ಗುಂಡಿಗೆ ಹಾಕುವ ದುಡ್ಡನ್ನು ಡಿಟಿಪಿ ಮಾಡುವವರಿಗೆ ಕೊಟ್ಟು ಹಳೆಯ ನೋಟ್ಸನ್ನೆಲ್ಲ ಯೂನಿಕೋಡ್ ಮಾಡಿಸಿದರೆ ಹೆಚ್ಚು ಉಪಯೋಗ.

ಕೊನೆಗೆ ತಂಗಿಯ ಕಡೆಯ ಕೆಲಸ. ಡಿಗ್ರಿ ಓದಿಗೆ ಫೋನ್ ಒಂದೇ ಸಾಲದು. ರಾಜ್ಯದ ವಿಕಲಚೇತನರ ಇಲಾಖೆ ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಕೊಡುವ ಯೋಜನೆ ಇಟ್ಟುಕೊಂಡಿದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಹಿಡಿದು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ, ಊರಿನ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಿಗೂ ಇದು ಗೊತ್ತಿರುತ್ತದೆ. ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಎಲ್ಲರೂ ಸಿಆರ್‌ಸಿ ಅನ್ನುತ್ತಾರೆ, ಇದೆ. ತರಬೇತಿಯ ಬಗ್ಗೆ ಅಲ್ಲೂ ಕೇಳಿ. ಲ್ಯಾಪ್‌ಟಾಪ್‌ಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಸಿ. ಪೂರ್ತಿ ಉಚಿತ, ಜೊತೆಗೆ ಬರುವ ಇಸ್ಪೀಕ್ ದನಿಯಲ್ಲಿ ಕನ್ನಡವೂ ಇದೆ. ದನಿ ಒರಟು, ಮೊದಮೊದಲು ಕಿರಿಕಿರಿ ಅನ್ನಿಸುತ್ತದೆ, ಆದರೆ ವೇಗ ಹೆಚ್ಚಿಸಿಕೊಂಡು ಓದುವವರು ಅದನ್ನೇ ಇಷ್ಟಪಡುತ್ತಾರೆ. ಶುರುವಿಗೆ ನಾಲ್ಕೇ ಕೀಲಿ ಕಲಿತರೆ ಸಾಕು. ಬ್ರೌಸರಿನಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಬಿ ಒತ್ತಿದರೆ ಮುಂದಿನ ಬಟನ್, ಕೆ ಒತ್ತಿದರೆ ಮುಂದಿನ ಲಿಂಕ್. ಇನ್ಸರ್ಟ್ ಜೊತೆ ಎಫ್ 7 ಒತ್ತಿದರೆ ಪುಟದಲ್ಲಿರುವ ಲಿಂಕ್, ಶೀರ್ಷಿಕೆ, ಬಟನ್‌ಗಳ ಪಟ್ಟಿಯೇ ಬರುತ್ತದೆ, ಯಾವುದಕ್ಕೆ ಹೆಸರಿಲ್ಲ ಎಂಬುದನ್ನು ಅವರೇ ಅಲ್ಲಿಂದ ಎಣಿಸಿ ದೂರಿಗೆ ಸೇರಿಸಬಹುದು.